ಪಟ್ಟಿಯಲ್ಲಿ ಇಲ್ಲದವರು

ಬೇಸಿಗೆ ರಜೆಗೆಂದು ಬೆಂಗಳೂರಿನಿಂದ ಬಂದ ನನ್ನ ಮೊಮ್ಮಗ ಈ ಸಲ ಬಟ್ಟೆಯ ಚೀಲವನ್ನು ಕಟ್ಟೆಯ ಮೇಲೆ ಎಸೆದು, ಲ್ಯಾಪ್‌ಟಾಪಿನ ಚೀಲವನ್ನು ಮಾತ್ರ ಹಸುಗೂಸಿನಂತೆ ಎದೆಗವಚಿಕೊಂಡು ಒಳಗೆ ಬಂದ. ಹನ್ನೆರಡು ವರ್ಷದ ಹುಡುಗ. ನಮ್ಮ ಇಟ್ಟಿಗಿಯ ಬಿಸಿಲಿಗೆ ಹೊರಗೆ ಆಡಲು ಅವನ ಅಜ್ಜಿ ಬಿಡುವುದಿಲ್ಲ. ಒಳಗೆ ಕುಳಿತು ಆ ಯಂತ್ರವನ್ನು ಕುಟ್ಟುವುದು ನನಗೆ ಸೇರುವುದಿಲ್ಲ. ಮೂರು ದಿನ ಗೊಣಗಿದ ಮೇಲೆ, ಬೈಯುವುದಾದರೂ ನೋಡಿ ಬೈಯೋಣವೆಂದು ಕನ್ನಡಕ ಹಾಕಿಕೊಂಡು ಅವನ ಪಕ್ಕದಲ್ಲಿ ಕುಳಿತೆ. ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದ ನನಗೆ ಆ ಪರದೆಯ ಮೇಲೆ ಕಂಡದ್ದು, ಆಶ್ಚರ್ಯವೆಂದರೆ, ನನ್ನದೇ ವಿಷಯ.

ಆಟದ ಹೆಸರು 'ಏಜ್ ಆಫ್ ಎಂಪೈರ್ಸ್', ಅದರ ಎರಡನೆಯ ಭಾಗ. ಮೊದಲಿಗೆ ಒಂದು ಬಯಲು, ನಡುವೆ ಒಂದು ಕಟ್ಟಡ, ಸುತ್ತ ಮೂರೋ ನಾಲ್ಕೋ ಆಳುಗಳು. ಅವರು ಆಹಾರ ಕೂಡಿಸಬೇಕು, ಮರ ಕಡಿಯಬೇಕು, ಕಲ್ಲು ಮತ್ತು ಚಿನ್ನವನ್ನು ಅಗೆಯಬೇಕು. ಸಾಕಷ್ಟು ಕೂಡಿದ ಮೇಲೆ ಒಂದು ಯುಗದಿಂದ ಮುಂದಿನ ಯುಗಕ್ಕೆ ಬಡ್ತಿ. ಕೋಟೆ, ಸೈನ್ಯ, ಯುದ್ಧ ಇವೆಲ್ಲ ಅನಂತರ. ನನಗೆ ಇದು ದೊಡ್ಡ ವಿಷಯವೆನಿಸಲಿಲ್ಲ. ಆದರೆ ಆಟ ತೊಡಗುವ ಮುನ್ನ ಒಂದು ಪಟ್ಟಿ ಬಂತು. ಜಗತ್ತಿನ ಯಾವ ನಾಗರಿಕತೆಯವನಾಗಿ ನೀನು ಆಡುವೆ ಎಂದು ಯಂತ್ರ ಕೇಳುತ್ತದೆ. ನಲವತ್ತಕ್ಕೂ ಮಿಕ್ಕ ಹೆಸರುಗಳು. ಹುಡುಗ ಪಟ್ಟಿಯ ಮೇಲಿನಿಂದ ಕೆಳಗಿನವರೆಗೆ ಬೆರಳಾಡಿಸಿ ನನ್ನನ್ನು ಕೇಳಿದ:

"ಅಜ್ಜ, ಇದರಲ್ಲಿ ನಾವು ಯಾರು?"

ಓದುಗ ಮಿತ್ರರೇ, ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಎರಡು ವಾರ ಕಳೆದೆ. ಅದರ ಕಥೆಯೇ ಈ ಬರಹ.

ಆ ಪಟ್ಟಿಗೂ ಒಂದು ಇತಿಹಾಸವಿದೆ. 1999ರಲ್ಲಿ ಈ ಆಟ ಹೊರಬಂದಾಗ ಅದರಲ್ಲಿ ಇದ್ದದ್ದು ಹದಿಮೂರು ನಾಗರಿಕತೆಗಳು. ಬ್ರಿಟನ್ನರು, ಫ್ರಾಂಕರು, ಗಾಥರು, ಟ್ಯೂಟನ್ನರು, ವೈಕಿಂಗರು, ಕೆಲ್ಟರು ಹೀಗೆ ಯೂರೋಪಿನವರೇ ಬಹಳ. ಬೈಜಾಂಟಿಯಂ, ಪರ್ಷಿಯಾ, ಅರಬ್ಬರು, ತುರ್ಕರು, ಮಂಗೋಲರು, ಚೀನಿಯರು, ಜಪಾನಿಯರು ಉಳಿದವರು. ಭಾರತ ಇರಲಿಲ್ಲ. ಮರುವರ್ಷ ಇನ್ನೂ ಐವರು ಬಂದರು, ಆಗಲೂ ನಾವಿಲ್ಲ. ರೋಮ್ ಪತನದಿಂದ ಹದಿನಾರನೆಯ ಶತಮಾನದವರೆಗಿನ ಸಾವಿರ ವರ್ಷದ ಕಥೆ ಹೇಳುವ ಆಟದಲ್ಲಿ ಇಮ್ಮಡಿ ಪುಲಕೇಶಿಗೂ ರಾಜರಾಜನಿಗೂ ಕೃಷ್ಣದೇವರಾಯನಿಗೂ ಜಾಗವಿರಲಿಲ್ಲ. 2013ರಲ್ಲಿ 'ಇಂಡಿಯನ್ಸ್' ಎಂಬ ಒಂದೇ ಹೆಸರಿನಡಿ ಇಡೀ ದೇಶವನ್ನು ಸೇರಿಸಿದರು. 2022ರ ಏಪ್ರಿಲ್‌ನಲ್ಲಿ ಅದನ್ನು ಬಿಡಿಸಿ, ಹಿಂದೂಸ್ತಾನಿಗಳು, ಗುರ್ಜರರು, ಬಂಗಾಳಿಗಳು, ದ್ರಾವಿಡರು ಎಂದು ನಾಲ್ಕು ಮಾಡಿದರು.

"ಹಾಗಾದರೆ ನಾವು ದ್ರಾವಿಡರು" ಎಂದೆ, ಮೇಷ್ಟ್ರ ಗತ್ತಿನಲ್ಲಿ. ಹುಡುಗ ಅದನ್ನೇ ಆರಿಸಿ ಆಡತೊಡಗಿದ. ಆಳುಗಳು ತಮಿಳಿನಲ್ಲಿ ಓಗೊಟ್ಟರು. ತಮಿಳು ನನಗೆ ಪ್ರಿಯವಾದ ಭಾಷೆಯೇ. ಆದರೆ ಮೊಮ್ಮಗ ತಲೆಯೆತ್ತಿ ನನ್ನ ಮುಖ ನೋಡಿದ. ಈ ದ್ರಾವಿಡರ ಬಲವಿರುವುದು ಕಾಲಾಳಿನಲ್ಲಿ ಮತ್ತು ಹಡಗಿನಲ್ಲಿ. ಅವರ ವಿಶೇಷ ಯೋಧ ಉರುಮಿ ಕತ್ತಿಯವನು. ವಿಶೇಷ ಹಡಗಿನ ಹೆಸರು 'ತಿರಿಸಡೈ'. ಕಥಾನಾಯಕ ರಾಜೇಂದ್ರ ಚೋಳ. ಗಂಗೆಯವರೆಗೆ ದಂಡು ಕಳುಹಿಸಿದ, 1025ರಲ್ಲಿ ಕಡಲು ದಾಟಿ ಶ್ರೀವಿಜಯದ ಮೇಲೆ ನೌಕಾಪಡೆ ಒಯ್ದ ಚಕ್ರವರ್ತಿಯನ್ನು ಯಾರು ತಾನೆ ಆರಿಸುವುದಿಲ್ಲ? ಆದರೆ ದ್ರಾವಿಡರ ಕುದುರೆಯ ದಳ ದುರ್ಬಲ. ನಮ್ಮ ವಿಜಯನಗರದ ಅರಸರೋ ಕುದುರೆಗಾಗಿ ಬೊಕ್ಕಸವನ್ನೇ ಸುರಿದವರು. ರಾಯರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರೆಂದು ಪೋರ್ಚುಗೀಸ್ ವರ್ತಕ ನ್ಯೂನಿಜ್ ಬರೆದಿಟ್ಟಿದ್ದಾನೆ. ಕಡಲನ್ನೇ ಕಾಣದ ನಮ್ಮ ಸೀಮೆಯವರಿಗೆ ಹಡಗು ಕೊಟ್ಟು ಕುದುರೆ ಕಿತ್ತುಕೊಂಡರಲ್ಲ ಎನಿಸಿತು.

ಒಂದು ಸಮಾಧಾನ ಮಾತ್ರ ಸಿಕ್ಕಿತು. ದ್ರಾವಿಡರಿಗೆ 'ವೂಟ್ಸ್' ಉಕ್ಕಿನ ವಿದ್ಯೆಯೊಂದು ಇದೆ. ಅದನ್ನು ಗಳಿಸಿದರೆ ಎದುರಾಳಿಯ ಕವಚವೇ ಲೆಕ್ಕಕ್ಕಿಲ್ಲ. ಆ 'ವೂಟ್ಸ್' ಎಂಬುದು ನಮ್ಮ ಕನ್ನಡದ 'ಉಕ್ಕು' ಎಂಬುದರಿಂದಲೇ ಬಂದಿರಬೇಕೆಂದು ಬಹಳ ವಿದ್ವಾಂಸರ ಮತ. ಅದನ್ನು ಹೇಳಿದಾಗ ಹುಡುಗನಿಗೆ ಎಷ್ಟು ಸಂತೋಷವಾಯಿತೆಂದರೆ, ಅಡುಗೆಮನೆಗೆ ಓಡಿ ಅಜ್ಜಿಗೆ ಹೇಳಿ ಬಂದ.

ಮರುದಿನ ಬೆಳಿಗ್ಗೆ ಅವನನ್ನು ಮೋಟಾರು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕುರುವತ್ತಿಗೆ ಹೋದೆ. ನಮ್ಮ ಹೂವಿನಹಡಗಲಿ ತಾಲ್ಲೂಕಿನ ಊರು ಅದು, ತುಂಗಭದ್ರೆಯ ದಡ. ಮಲ್ಲಿಕಾರ್ಜುನ ದೇವಾಲಯದ ಬಾಗಿಲಲ್ಲಿ ಕಂಬಕ್ಕೊರಗಿ ಬಾಗಿ ನಿಂತ ಮದನಿಕೆಯರನ್ನು ಕಂಡು ಹುಡುಗ ಸುಮ್ಮನೆ ನಿಂತ. ಆಮೇಲೆ ಹೊಳೆಯ ದಂಡೆಗೆ ಕರೆದೊಯ್ದು ಕಥೆ ಹೇಳಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರ, ಆಹವಮಲ್ಲ, ಬದುಕಿನುದ್ದಕ್ಕೂ ಚೋಳರೊಡನೆ ಕಾದಿದ. 1054ರ ಕೊಪ್ಪದ ಯುದ್ಧದಲ್ಲಿ ಆನೆಯ ಮೇಲಿದ್ದ ಚೋಳ ರಾಜಾಧಿರಾಜನೇ ಮಡಿದ. ಅವನ ತಮ್ಮ ರಣರಂಗದಲ್ಲೇ ಕಿರೀಟ ಧರಿಸಿ ಯುದ್ಧ ಮುಂದುವರಿಸಿದ. ಅಂಥ ಸೋಮೇಶ್ವರ ವಾಸಿಯಾಗದ ಕಾಯಿಲೆಗೆ ತುತ್ತಾಗಿ, 1068ರಲ್ಲಿ ಇದೇ ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಜಲಸಮಾಧಿ ಹೊಂದಿದ. ಕವಿ ಬಿಲ್ಹಣ ಆ ಪ್ರಸಂಗವನ್ನು ತನ್ನ 'ವಿಕ್ರಮಾಂಕದೇವಚರಿತ'ದಲ್ಲಿ ವರ್ಣಿಸಿದ್ದಾನೆ.

ಬೇಸಿಗೆಯ ಹೊಳೆ ಸೊರಗಿತ್ತು. ಹುಡುಗ ಬಹಳ ಹೊತ್ತು ಯೋಚಿಸಿ ಹೇಳಿದ: "ಹಾಗಾದರೆ ಆಟದಲ್ಲಿ ಈ ರಾಜನೂ ದ್ರಾವಿಡ, ಅವನ ಶತ್ರುವೂ ದ್ರಾವಿಡ. ಒಬ್ಬನಿಗೆ ನೀಲಿ ಬಣ್ಣ, ಇನ್ನೊಬ್ಬನಿಗೆ ಕೆಂಪು. ಅಷ್ಟೇ ವ್ಯತ್ಯಾಸ."

ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ. 'ದ್ರಾವಿಡ' ಎಂಬುದನ್ನು ಒಂದು ಭಾಷಾಕುಟುಂಬದ ಹೆಸರಾಗಿ ನೆಲೆಗೊಳಿಸಿದ್ದು 1856ರಲ್ಲಿ ಬಂದ ಕಾಲ್ಡ್‌ವೆಲ್ಲನ ವ್ಯಾಕರಣ. ಅದು ಒಂದು ರಾಜ್ಯದ ಹೆಸರೂ ಅಲ್ಲ, ಒಂದು ಸೈನ್ಯದ ಹೆಸರೂ ಅಲ್ಲ. ಗಾಥರು, ಟ್ಯೂಟನ್ನರು, ವೈಕಿಂಗರು ಈ ಮೂವರ ನುಡಿಗಳೂ ಜರ್ಮಾನಿಕ್ ಎಂಬ ಒಂದೇ ಕುಟುಂಬದವು. ಆದರೂ ಪಟ್ಟಿಯಲ್ಲಿ ಅವರಿಗೆ ಬೇರೆ ಬೇರೆ ಮನೆ, ಬೇರೆ ಬೇರೆ ಒಲೆ. ಅಲ್ಲಿ ಅಣ್ಣತಮ್ಮಂದಿರು ಬೇರೆಯಾಗಿರಬಹುದು. ಇಲ್ಲಿ ಪಲ್ಲವ, ಚಾಲುಕ್ಯ, ಚೋಳ, ಹೊಯ್ಸಳ, ಕಾಕತೀಯ, ವಿಜಯನಗರ ಎಲ್ಲರೂ ಒಂದೇ ಸೂರಿನಡಿ. ಮನೆಗೆ ಬಂದ ಮೇಲೆ ಈ ಅನ್ಯಾಯದ ಕುರಿತು ಮೊಮ್ಮಗನಿಗೆ ಮುಕ್ಕಾಲು ಗಂಟೆ ಪಾಠ ಮಾಡಿದೆ. ನಿವೃತ್ತನಾದ ಮೇಲೆ ಅಷ್ಟು ಹುರುಪಿನಿಂದ ಮಾತನಾಡಿದ್ದು ಅದೇ ಮೊದಲು.

ಹುಡುಗ ಆಟದವರ ಪರ ವಹಿಸಿದ. ಒಂದು ನಾಗರಿಕತೆಯನ್ನು ಸೇರಿಸುವುದೆಂದರೆ ಹೆಸರು ಬರೆದಂತಲ್ಲವಂತೆ. ಅದಕ್ಕೆ ಬೇರೆಯದೇ ಯೋಧ, ಬೇರೆಯದೇ ವಿದ್ಯೆ, ಒಂದು ಅದ್ಭುತ ಕಟ್ಟಡ, ಮಾತನಾಡುವ ದನಿಗಳು ಬೇಕು. ಆಡುವವನಿಗೆ ಇದು ಹೊಸತೆನಿಸಬೇಕು, ಆದರೆ ಉಳಿದವರಿಗಿಂತ ಬಲವಾಗಿರಲೂ ಬಾರದು. ಎಲ್ಲರನ್ನೂ ಸೇರಿಸಲು ಆಗುವುದಿಲ್ಲ. ಮೊದಲು ಒಂದಿತ್ತು, ಈಗ ನಾಲ್ಕಾಗಿವೆ, ಮುಂದೆ ಇನ್ನೂ ಆಗಬಹುದು. ಇಷ್ಟು ಹೇಳಿ, ಮುಗ್ಧವಾಗಿಯೇ ಕೇಳಿದ: "ನೀವು ಪಾಠ ಮಾಡುವಾಗ ಎಲ್ಲರ ಬಗ್ಗೆಯೂ ಹೇಳುತ್ತಿದ್ದಿರಾ ಅಜ್ಜ?"

ನಾನು ನೀರು ಕುಡಿಯುವ ನೆವದಲ್ಲಿ ಒಳಗೆ ಹೋದೆ.

ಹೇಳುತ್ತಿರಲಿಲ್ಲ. ಆ ಸತ್ಯವನ್ನು ಈ ಪುಟದಲ್ಲಿ ಒಪ್ಪಿಕೊಳ್ಳಬೇಕೆಂದೇ ಇಷ್ಟು ಪೀಠಿಕೆ ಹಾಕಿದ್ದು. ನಮ್ಮ ಇಟ್ಟಿಗಿಯ ಸುತ್ತ ಏನಿಲ್ಲ? (ಇಟಗಿ ಎಂದೊಡನೆ ಓದಿದವರು 1112ರ ಮಹಾದೇವ ದೇವಾಲಯವನ್ನು ನೆನೆಯುತ್ತಾರೆ. ಅದು ಕೊಪ್ಪಳ ಜಿಲ್ಲೆಯ ಇಟಗಿ, ನಮ್ಮದು ಬೇರೆ. ನಾವು ಅಷ್ಟರಮಟ್ಟಿಗೂ ಪಟ್ಟಿಯಲ್ಲಿ ಇಲ್ಲದವರು.) ನಮ್ಮ ತಾಲ್ಲೂಕಿನ ಹಿರೇಹಡಗಲಿಯಲ್ಲಿ ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟ ದೊರೆತಿದೆ; ಕಂಚಿಯ ಅರಸನ ಆಣೆ ಇಲ್ಲಿಯವರೆಗೆ ನಡೆಯುತ್ತಿತ್ತೆಂಬುದಕ್ಕೆ ಅದು ಸಾಕ್ಷಿ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗ ನೊಳಂಬರ ಕೋಟೆ. ಅದನ್ನು ಗೆದ್ದ ಗಂಗ ಮಾರಸಿಂಹ 'ನೊಳಂಬಕುಲಾಂತಕ'ನೆಂಬ ಬಿರುದು ಧರಿಸಿದ. ಆಮೇಲೆ ಅಲ್ಲಿ ಉಚ್ಚಂಗಿಯ ಪಾಂಡ್ಯರು ಆಳಿದರು. ಬಾಗಳಿಯ ಕಲ್ಲೇಶ್ವರ, ಕೋಗಳಿಯ ಬಸದಿ, ನೀಲಗುಂದದ ಭೀಮೇಶ್ವರ, ಅನಂತರದ ಹರಪನಹಳ್ಳಿಯ ಪಾಳೆಯಗಾರರು, 1800ರಲ್ಲಿ ನಿಜಾಮ ಈ ಸೀಮೆಯನ್ನು ಕುಂಪಣಿಗೆ ಬಿಟ್ಟುಕೊಟ್ಟದ್ದು, 1953ರವರೆಗೆ ಬಳ್ಳಾರಿ ಮದ್ರಾಸಿಗೆ ಸೇರಿದ್ದದ್ದು ಎಷ್ಟೊಂದು! ಇನ್ನೂ ಹಿಂದೆ ಹೋದರೆ ಸಂಗನಕಲ್ಲಿನ ಗುಡ್ಡದಲ್ಲಿ ಕಲ್ಲಿನ ಕೊಡಲಿ ಮಸೆದವರು, ಕುಡತಿನಿಯಲ್ಲಿ ದನದ ಸಗಣಿ ಸುಟ್ಟು ಬೂದಿಯ ದಿಬ್ಬವನ್ನೇ ಎಬ್ಬಿಸಿದವರು. ಅವರಿಗೆ ನಗರವಿರಲಿಲ್ಲ, ಆದ್ದರಿಂದ 'ನಾಗರಿಕತೆ' ಎಂಬ ಪದದೊಳಗೆ ಅವರು ಕಾಲಿಡಲೇ ಆಗದು.

ಇವುಗಳಲ್ಲಿ ನಾನು ತರಗತಿಯಲ್ಲಿ ಹೇಳಿದ್ದು ಒಂದೋ ಎರಡೋ. ಪುಸ್ತಕದಲ್ಲಿದ್ದುದನ್ನು ಹೇಳಿದೆ, ಇಲ್ಲದ್ದನ್ನು ಬಿಟ್ಟೆ. ಪಠ್ಯಕ್ರಮ ಮುಗಿಸಬೇಕಿತ್ತೆಂಬುದು ನಿಜ. ಫಲಿತಾಂಶ ಕೇಳುವವರು ಇದ್ದರೆಂಬುದೂ ನಿಜ. ಆದರೆ ಒಂದು ದಿನದ ಘಟನೆಗೆ ಈ ಯಾವ ಕಾರಣವೂ ಸಾಲದು.

1994ರ ಸುಮಾರಿಗೆ ನಾನು ಪಕ್ಕದ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ವಿಜಯನಗರದ ಪಾಠ ನಡೆದಿತ್ತು. ಸಂಗಮ, ಸಾಳುವ, ತುಳುವ, ಅರವೀಡು ಎಂದು ಕಪ್ಪುಹಲಗೆಯ ಮೇಲೆ ನಾಲ್ಕು ವಂಶ ಬರೆದು, ಬರೆದುಕೊಳ್ಳಿ ಎಂದಿದ್ದೆ. ಕೊನೆಯ ಸಾಲಿನಲ್ಲಿ ಎಂದೂ ಬಾಯಿ ತೆರೆಯದ ಹುಡುಗನೊಬ್ಬ ಎದ್ದು ನಿಂತ. "ಸರ್, ನಮ್ಮ ಹೊಲದಾಗ ಒಂದು ಕಲ್ಲು ಐತಿ. ಒಬ್ಬ ಬಿಲ್ಲು ಹಿಡಕೊಂಡು ನಿಂತಾನ, ಅವನ ಹಿಂದ ಆಕಳ ಅದಾವ. ಅವ ಯಾವ ವಂಶದ ರಾಜಾ ಸರ್?" ತರಗತಿ ನಕ್ಕಿತು. ನಾನು ಗಡಿಯಾರ ನೋಡಿ ಹೇಳಿದೆ: "ಅದು ಪರೀಕ್ಷೆಗೆ ಬರುವುದಿಲ್ಲ. ಕುಳಿತುಕೋ."

ಅವನು ಕುಳಿತ. ಆ ವರ್ಷ ಮತ್ತೆ ಏಳಲಿಲ್ಲ. ಅದು ವೀರಗಲ್ಲು ಎಂದು ನನಗೆ ಗೊತ್ತಿತ್ತು, ಮಿತ್ರರೇ. ತುರುಗಳನ್ನು ಕದ್ದೊಯ್ಯುತ್ತಿದ್ದವರನ್ನು ತಡೆದು ಸತ್ತವನ ಕಲ್ಲು ಅದು. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಎರಡು ನಿಮಿಷ ಸಾಕಿತ್ತು. ಅವನು ರಾಜನಲ್ಲ, ನಿಮ್ಮಂಥದೇ ಊರಿನವನು, ಊರ ದನಕ್ಕಾಗಿ ಸತ್ತನೆಂದು ಊರೇ ಅವನನ್ನು ಆರಿಸಿ ಕಲ್ಲಿನಲ್ಲಿ ನಿಲ್ಲಿಸಿತು ಎಂದು ಹೇಳಿದ್ದರೆ ಸಾಕಿತ್ತು.

ಮೊಮ್ಮಗನ ಪ್ರಶ್ನೆಯ ಮರುವಾರ ಆ ಹಳ್ಳಿಗೆ ಹೋದೆ. ವಿಚಾರಿಸಿದಾಗ ಆ ಶಿಷ್ಯ ಸಿಕ್ಕಿದ. ಈಗ ನಲವತ್ತೈದು ದಾಟಿದ ರೈತ. ಮೆಕ್ಕೆಜೋಳ, ಈರುಳ್ಳಿ ಬೆಳೆಯುತ್ತಾನೆ. ಕಾಲಿಗೆ ಬಿದ್ದು ನಮಸ್ಕರಿಸಿದ, ಚಹಾ ತರಿಸಿದ. ಕಲ್ಲಿನ ಸುದ್ದಿ ಎತ್ತಿದಾಗ ಅವನ ಮುಖ ಸ್ವಲ್ಪ ಬಾಡಿತು. ಹೊಲ ಸಮ ಮಾಡಿಸುವಾಗ ಯಂತ್ರದ ಹೊಡೆತಕ್ಕೆ ಕಲ್ಲು ಮೂರು ತುಂಡಾಯಿತಂತೆ. ಎರಡು ತುಂಡು ಹೊಸ ಬದುವಿನ ಅಡಿಗೆ ಹೋದವು. ಕೆಳಗಿನ ತುಂಡೊಂದು ಬಾವಿಯ ಪಕ್ಕ ಬಿದ್ದಿದೆ. "ಅವತ್ತ ನೀವು ಬರಂಗಿಲ್ಲ ಅಂದ್ರಿ ಸರ್. ನಾ ತಿಳಕೊಂಡೆ, ಅದಕ್ಕ ಏನೂ ಅರ್ಥ ಇಲ್ಲಂತ" ಎಂದ. ಅವನ ಮಾತಿನಲ್ಲಿ ದೂರು ಇರಲಿಲ್ಲ. ಗುರುವಿನ ಮಾತನ್ನು ನಂಬಿದ್ದೇನೆಂದು ಸಹಜವಾಗಿ ಹೇಳಿದ, ಅಷ್ಟೆ.

ಬಾವಿಯ ಪಕ್ಕದ ತುಂಡನ್ನು ನೀರು ಹಾಕಿ ತೊಳೆದೆವು. ಬಿಲ್ಲಿನ ಒಂದು ತುದಿ, ಎರಡು ಕಾಲು, ಮೂರು ಆಕಳು. ಮೇಲಿನ ಪಟ್ಟಿಕೆಯಲ್ಲಿ ಸವೆದ ಅಕ್ಷರಗಳು. ಬಿಸಿಲನ್ನು ಓರೆಯಾಗಿ ಬೀಳುವಂತೆ ಮಾಡಿ ಬೆರಳಿನಿಂದ ತಡವಿದಾಗ 'ತುಱು' ಎಂಬಷ್ಟು ಮಾತ್ರ ಕೈಗೆ ಹತ್ತಿತು. ದನಗಳ ಹೆಸರು ಉಳಿದಿದೆ. ಕಾದವನ ಹೆಸರು ಬದುವಿನ ಅಡಿಯಲ್ಲಿದೆ.

ಈ ವಿಷಯವನ್ನು ಮೊಮ್ಮಗನಿಗೆ ಹೇಳಿದಾಗ ಅವನು ಬೇರೊಂದು ಆಟದ ಸುದ್ದಿ ತೆಗೆದ. 'ಸಿವಿಲೈಸೇಶನ್' ಎಂಬ ಆ ಆಟ 1991ರಿಂದ ಇದೆ. ಅದರಲ್ಲಿ ಭಾರತದ ನಾಯಕರಾಗಿ ಮೊದಲಿನಿಂದ ಬಂದವರು ಗಾಂಧೀಜಿ. 2025ರ ಏಳನೆಯ ಆವೃತ್ತಿಯಲ್ಲಿ ಮೌರ್ಯ, ಚೋಳ, ಮೊಗಲ ಎಂದು ಯುಗಕ್ಕೊಂದರಂತೆ ಮಾಡಿದ್ದಾರೆ. ಆ ಆಟದವರು ಹಿಂದೆ ಐದನೆಯ ಆವೃತ್ತಿಗೆ ಅಮೆರಿಕದ ಮೂಲನಿವಾಸಿ ಪ್ಯೂಬ್ಲೊ ಜನರನ್ನೂ, 1680ರಲ್ಲಿ ಸ್ಪೇನಿನವರ ವಿರುದ್ಧ ದಂಗೆಯೆದ್ದ ಅವರ ನಾಯಕ ಪೋಪೇಯನ್ನೂ ಸೇರಿಸಲು ಹೊರಟಿದ್ದರು. ಪ್ಯೂಬ್ಲೊ ಹಿರಿಯರು ಬೇಡವೆಂದರು, ಆಟದವರು ಕೈಬಿಟ್ಟರು. 2018ರಲ್ಲಿ ಕೆನಡಾದ ಕ್ರೀ ಜನರನ್ನೂ ಅವರ ನಾಯಕ ಪೌಂಡ್‌ಮೇಕರನನ್ನೂ ಸೇರಿಸಿದಾಗ ಆ ಸಮುದಾಯದ ಮುಖಂಡರೊಬ್ಬರು ಆಕ್ಷೇಪಿಸಿದರು. ನೆಲ ಗೆಲ್ಲುವುದೇ ಗುರಿಯಾದ ಆಟದಲ್ಲಿ ನಮ್ಮವರನ್ನು ನಿಲ್ಲಿಸಿದರೆ ನಮ್ಮ ಬಾಳಿನ ರೀತಿಯೇ ಸುಳ್ಳಾಗುತ್ತದೆ ಎಂಬುದು ಅವರ ಮಾತಿನ ತಾತ್ಪರ್ಯ.

ಇದನ್ನು ಕೇಳಿ ನನ್ನ ಕೋಪ ಬಹುಮಟ್ಟಿಗೆ ಇಳಿಯಿತು. ಪಟ್ಟಿಯಲ್ಲಿ ಸೇರುವುದೇ ಗೌರವವೆಂದು ನಾನು ತಿಳಿದಿದ್ದೆ. ಸೇರಿಸಿಕೊಳ್ಳುವಾಗ ಅವರ ಅಳತೆಗೆ ನಮ್ಮನ್ನು ಕತ್ತರಿಸಿಕೊಳ್ಳಬೇಕಾಗುತ್ತದೆ ಎಂಬುದು ಹೊಳೆದಿರಲಿಲ್ಲ. ನಾಳೆ ಕನ್ನಡಿಗರನ್ನೂ ಪ್ರತ್ಯೇಕವಾಗಿ ಸೇರಿಸಿದರೆನ್ನೋಣ. ಯಾರು ಬರುತ್ತಾರೆ? ಪುಲಕೇಶಿ ಬರುತ್ತಾನೆ, ರಾಯರು ಬರುತ್ತಾರೆ. ಮೈಲಾರದ ಗೊರವ ಬರುತ್ತಾನೆಯೆ? ಕೆರೆ ಕಟ್ಟಿಸಿದವಳು, ಹೂವಿನಹಡಗಲಿಯ ಮಲ್ಲಿಗೆ ಕಟ್ಟುವವಳು ಬರುತ್ತಾಳೆಯೆ? ಬೇರೆ ಯಾರಾದರೂ ಆರಿಸಲಿ, ನಾವೇ ಆರಿಸಲಿ, ಕೆಲವರು ಹೊರಗೆ ಉಳಿದೇ ಉಳಿಯುತ್ತಾರೆ. ಅದು ತಪ್ಪಲ್ಲ, ಜಾಗ ಎಲ್ಲಿಯೂ ಕಡಿಮೆಯೇ. ಆದರೆ 'ಇಲ್ಲಿ ನಿನಗೆ ಜಾಗ ಸಾಲದು' ಎನ್ನುವುದು ಬೇರೆ, 'ನಿನ್ನದು ಲೆಕ್ಕಕ್ಕಿಲ್ಲ' ಎನ್ನುವುದು ಬೇರೆ. ನಾನು ಅಂದು ಮೊದಲನೆಯದನ್ನು ಹೇಳಬೇಕಾದಲ್ಲಿ ಎರಡನೆಯದನ್ನು ಹೇಳಿದೆ. ಅದರಿಂದ ಒಂದು ಕಲ್ಲು ಒಡೆಯಿತು.

ಹುಡುಗ ಊರಿಗೆ ಹೊರಡುವ ಹಿಂದಿನ ರಾತ್ರಿ ನನ್ನನ್ನು ಕರೆದ. ಆ ಆಟದಲ್ಲಿ ನಮಗೆ ಬೇಕಾದ ಬಯಲು, ಹೊಳೆ, ಜನರನ್ನು ನಾವೇ ಇಟ್ಟು ಕಥೆ ಕಟ್ಟಿಕೊಳ್ಳುವ ಅನುಕೂಲವೂ ಇದೆಯಂತೆ. ಅವನೊಂದು ಹೊಳೆ ಹರಿಸಿದ್ದ. ದಂಡೆಯ ಮೇಲೆ ನಾಲ್ಕು ಮನೆ, ಒಂದಿಷ್ಟು ಆಕಳು, ಅವುಗಳ ಮುಂದೆ ಬಿಲ್ಲು ಹಿಡಿದ ಒಬ್ಬನೇ ಆಳು. ಆಗ ಅವನು ತೋರಿಸಿದ ಒಂದು ಸಂಗತಿ ನನ್ನನ್ನು ಬೆರಗುಗೊಳಿಸಿತು. ಈ ಆಟದಲ್ಲಿ ಕಾವಲಿಲ್ಲದ ಆಕಳ ಬಳಿಗೆ ಎದುರಾಳಿಯ ಆಳು ಬಂದರೆ ಸಾಕು, ಆಕಳು ಅವನದಾಗುತ್ತದೆ, ಹೊಡೆದುಕೊಂಡು ಹೋಗಬಹುದು. ಇದೇ ಅಲ್ಲವೇ ನಮ್ಮ ತುರುಗೋಳು! ರಾಜರನ್ನು ಹುಡುಕುತ್ತ ನಾನು ಪಟ್ಟಿಯ ಮುಂದೆ ಕುಳಿತಿದ್ದೆ. ನಮ್ಮೂರಿನವನ ಕಥೆ ಆಟದ ಮೊದಲ ಐದು ನಿಮಿಷದಲ್ಲೇ ಹುಲ್ಲು ಮೇಯುತ್ತಿತ್ತು.

ಎರಡು ಪಕ್ಷಕ್ಕೂ ನಾಗರಿಕತೆ ಆರಿಸಲೇಬೇಕೆಂದು ಯಂತ್ರ ಹಟ ಹಿಡಿಯಿತು. ಬೇರೆ ದಾರಿಯಿಲ್ಲದೆ ಹುಡುಗ ಎರಡಕ್ಕೂ ದ್ರಾವಿಡರೆಂದೇ ಹಾಕಿ, ಒಂದಕ್ಕೆ ನೀಲಿ, ಒಂದಕ್ಕೆ ಕೆಂಪು ಕೊಟ್ಟ. ಆಮೇಲೆ ಬಿಲ್ಲಿನವನ ಪಕ್ಷಕ್ಕೆ ಒಂದು ಹೆಸರು ಬೇಕಾಯಿತು.

"ಏನು ಬರೆಯಲಿ ಅಜ್ಜ? ಯಾವುದಾದರೂ ರಾಜನ ಹೆಸರು ಹೇಳಿ."

"ಬೇಡಪ್ಪ. ಹೆಸರು ಗೊತ್ತಿಲ್ಲ ಎಂದೇ ಬರೆ."

ಅವನು ಹಾಗೆಯೇ ಬರೆದ.

ಈ ಪುಟವನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಮತ್ತು ಈಗಲೂ ಪಾಠ ಹೇಳುತ್ತಿರುವ ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ಹೊಲದಲ್ಲಿ, ಬಾವಿಯ ಬಳಿ, ಗುಡಿಯ ಹಿಂದೆ ಅಂಥ ಕಲ್ಲಿದ್ದರೆ ಒಮ್ಮೆ ತೊಳೆದು ನೋಡಿ. ಒಂದು ಚಿತ್ರ ತೆಗೆದು, ಅಕ್ಷರ ಕಂಡರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದವರಿಗೋ ಪುರಾತತ್ತ್ವ ಇಲಾಖೆಯವರಿಗೋ ತಿಳಿಸಿ. ತರಗತಿಯಲ್ಲಿ ಯಾವುದಾದರೂ ಮಗು ಎದ್ದುನಿಂತು ಕೇಳಿದರೆ ದಯವಿಟ್ಟು ಗಡಿಯಾರ ನೋಡಬೇಡಿ. ಬದುವಿನ ಅಡಿಯ ಎರಡು ತುಂಡುಗಳನ್ನು ಮಳೆಗಾಲಕ್ಕೆ ಮುಂಚೆ ಮೇಲೆತ್ತಿಸುತ್ತೇನೆಂದು ನನ್ನ ಶಿಷ್ಯ ಮಾತು ಕೊಟ್ಟಿದ್ದಾನೆ. ಕೂಲಿಯ ಖರ್ಚು ನನ್ನದು. ಹೆಸರು ಸಿಕ್ಕರೆ ಇಲ್ಲಿಯೇ ಬರೆಯುತ್ತೇನೆ.